ಮುಷ್ಕರ ಹೂಡುವವರು

ಸಿರುಗುಪ್ಪದಲ್ಲಿ ಕನ್ನಡ ಪೇಪರು ಓದಿ ಮಡಚಿಟ್ಟು ತೆಲುಗು ಪೇಪರು ಕೈಗೆತ್ತಿಕೊಳ್ಳುವವರು ಬೇಕಾದಷ್ಟು ಜನ. ಗಡಿಯಾಚೆ ಬೀಗರು, ಆದೋನಿಯಲ್ಲಿ ಹತ್ತಿ ವ್ಯಾಪಾರ, ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು. ಇಂಥ ಓದುಗರ ಕಣ್ಣಿಗೆ ಒಂದು ಪದ ಮಾತ್ರ ಎರಡು ವೇಷದಲ್ಲಿ ಬೀಳುತ್ತದೆ. ಕನ್ನಡ ಪತ್ರಿಕೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರ ‘ಮುಷ್ಕರ’ದ ಸುದ್ದಿ. ತೆಲುಗು ಪತ್ರಿಕೆಯಲ್ಲಿ ಕಾಶ್ಮೀರದಲ್ಲಿ ಸೈನಿಕರ ಗುಂಡಿಗೆ ಸತ್ತ ‘ಮುಷ್ಕರುಲು’. ನಮ್ಮ ಮುಷ್ಕರಕ್ಕೆ ಅವರು ‘ಸಮ್ಮೆ’ ಎನ್ನುತ್ತಾರೆ. ಅವರ ಮುಷ್ಕರನಿಗೆ ನಾವು ‘ಉಗ್ರ’ ಎನ್ನುತ್ತೇವೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ ಮೈಸೂರಿಗೂ ಹೋದವು. ಪದದ ಗಡಿ ಅದಕ್ಕಿಂತ ಹಳೆಯದು, ಆದರೆ ಹೆಚ್ಚುಕಡಿಮೆ ಅದೇ ಹೊಲಗಳ ಮೇಲೇ ಹಾಯ್ದಿದೆ.

ಬೇರು ಹುಡುಕುತ್ತ ಹೋದರೆ ಪಾಣಿನಿ ಸಿಗುತ್ತಾನೆ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯ, ಎರಡನೆಯ ಪಾದದ 107ನೇ ಸೂತ್ರ ನಾಲ್ಕು ಪದಗಳನ್ನು ಒಟ್ಟಿಗೆ ಕಟ್ಟುತ್ತದೆ: ಊಷ, ಸುಷಿ, ಮುಷ್ಕ, ಮಧು. ಇವಕ್ಕೆ ‘ಉಳ್ಳದ್ದು’ ಎಂಬ ಅರ್ಥದಲ್ಲಿ ‘ರ’ ಹತ್ತುತ್ತದೆ. ಊಷ ಎಂದರೆ ಉಪ್ಪುಮಣ್ಣು, ಅದು ಇದ್ದ ನೆಲ ಊಷರ. ತುಂಗಭದ್ರಾ ಕಾಲುವೆ ಬಂದ ಮೇಲೆ ನೀರು ಹೆಚ್ಚಾಗಿ ಸವಳು ಹಿಡಿದ ಸಿರುಗುಪ್ಪ ಸೀಮೆಯ ಎರೆಹೊಲಗಳನ್ನು ನೋಡಿದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಸುಷಿ ಎಂದರೆ ತೂತು, ಅದರಿಂದ ಸುಷಿರ ವಾದ್ಯ, ನಮ್ಮ ಕೊಳಲು, ಶಹನಾಯಿ. ಮಧು ಇದ್ದದ್ದು ಮಧುರ. ಇನ್ನು ಮುಷ್ಕ ಎಂದರೆ ವೃಷಣ. ಮುಷ್ಕರ ಎಂದರೆ ವೃಷಣ ಉಳ್ಳದ್ದು, ಬೀಜ ಒಡೆಯದ ಹೋರಿ. ಈ ಮುಷ್ಕಕ್ಕೂ ಇಲಿಯ ಹೆಸರಾದ ಮೂಷಕ್ಕೂ ನಂಟಿದೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಆಕಾರ ನೋಡಿ ‘ಪುಟ್ಟ ಇಲಿ’ ಎಂದರಂತೆ. ಲ್ಯಾಟಿನ್ನಿನವರೂ ‘ಪುಟ್ಟ ಇಲಿ’ಯನ್ನೇ ಮಸ್ಕ್ಯುಲಸ್ ಎಂದು ಕರೆದು, ತೋಳಿನ ಸ್ನಾಯುವಿಗೆ ಆ ಹೆಸರು ಕೊಟ್ಟರು. ಜಿಮ್ಮಿಗೆ ಹೋಗುವ ಹುಡುಗರು ಹೇಳುವ ‘ಮಸಲ್’ ಅಲ್ಲಿಂದ ಬಂದದ್ದು.

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನ ಬೃಹತ್ ನಂದಿ ಕೂತಿದೆ. ನಮ್ಮ ಕಡೆ ದನ ಸಾಕಿದವರಿಗೆ ಬಸವ ಬೇರೆ, ಎತ್ತು ಬೇರೆ. ಬೀಜ ಒಡೆಸಿಕೊಂಡು ನೊಗಕ್ಕೆ ಹೆಗಲು ಕೊಡುವುದು ಎತ್ತು. ಹಾಗೆ ಮಾಡಿಸಿಕೊಳ್ಳದೆ, ದೇವರ ಹೆಸರಿನಲ್ಲಿ ಊರ ಮೇಲೆ ಬಿಟ್ಟದ್ದು ಬಸವ. ಅದಕ್ಕೆ ಯಾರೂ ಹಗ್ಗ ಹಾಕುವುದಿಲ್ಲ, ಯಾರ ಹೊಲಕ್ಕೆ ಹೊಕ್ಕರೂ ಬೈದು ಅಟ್ಟಬೇಕೇ ಹೊರತು ಕಟ್ಟುವಂತಿಲ್ಲ. ಮುಷ್ಕರ ಎಂಬ ಪದ ಈ ಪ್ರಾಣಿಯಿಂದ ಅದರ ಸ್ವಭಾವಕ್ಕೆ ಜಾರಿತು. ಮೊದಲು ಮೈಕಟ್ಟು, ಆಮೇಲೆ ಸೊಕ್ಕು, ಆಮೇಲೆ ಹಠ. ಕನ್ನಡ, ತೆಲುಗು ಎರಡರ ಹಳೆಯ ಬಳಕೆಯಲ್ಲೂ ಅದರ ಅರ್ಥ ಮೊಂಡುತನ, ಮೊಂಡ. ಇಲ್ಲಿಂದ ಮುಂದೆ ದಾರಿ ಕವಲಾಯಿತು. ತೆಲುಗು ಆ ಮೊಂಡನನ್ನು ದುಷ್ಟನನ್ನಾಗಿ ಮಾಡಿತು. ಕನ್ನಡ ಮನುಷ್ಯನನ್ನು ಬಿಟ್ಟು ಗುಣವನ್ನಷ್ಟೇ ಇಟ್ಟುಕೊಂಡಿತು. ಗಿರಣಿ, ರೈಲು, ವರ್ತಮಾನ ಪತ್ರಿಕೆ ಬಂದ ಕಾಲಕ್ಕೆ ಕೂಲಿಕಾರರೆಲ್ಲ ಸೇರಿ ಕೆಲಸ ನಿಲ್ಲಿಸುವುದಕ್ಕೆ ಅದನ್ನೇ ಹೆಸರಾಗಿಸಿತು.

ಬೇರೆ ಭಾಷೆಗಳವರು ಇದೇ ಕೆಲಸಕ್ಕೆ ಹೆಸರಿಡುವಾಗ ಜಾಗವನ್ನೋ ಕ್ರಿಯೆಯನ್ನೋ ನೋಡಿದರು. 1768ರಲ್ಲಿ ಲಂಡನ್ನಿನ ನಾವಿಕರು ಹಡಗಿನ ಹಾಯಿ ಕೆಳಗಿಳಿಸಿ ಕೂತದ್ದರಿಂದ ಇಂಗ್ಲಿಷಿನ ‘ಸ್ಟ್ರೈಕ್’. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯ ಗ್ರೇವ್ ಚೌಕದಲ್ಲಿ ಕೂಲಿ ಕೇಳುವವರು ಸೇರುತ್ತಿದ್ದುದರಿಂದ ಫ್ರೆಂಚಿನ ‘ಗ್ರೇವ್’. ಹಾಟ್ ಎಂದರೆ ಅಂಗಡಿ, ಅದಕ್ಕೆ ತಾಳ ಎಂದರೆ ಬೀಗ ಬಿದ್ದರೆ ಹಿಂದಿಯ ‘ಹಡತಾಲ್’. ಕನ್ನಡ ಮಾತ್ರ ಮನಸ್ಸಿನ ಗುಣಕ್ಕೆ ಹೆಸರಿಟ್ಟಿತು, ಅದೂ ಧಣಿಯ ಕಡೆ ನಿಂತು. ‘ಇವರು ಮೊಂಡು ಬಿದ್ದಿದ್ದಾರೆ’ ಎನ್ನುವುದು ಕೆಲಸ ಕೊಟ್ಟವನ ಮಾತು ತಾನೆ? ಬೈಗುಳದಂತಿದ್ದ ಪದವನ್ನು ಕೆಲಸಗಾರರೇ ಎತ್ತಿಕೊಂಡು ಬ್ಯಾನರಿನ ಮೇಲೆ ಬರೆಸಿದರು. ಅದಕ್ಕೆ ಹತ್ತಿದ ಕ್ರಿಯಾಪದವಂತೂ ಇನ್ನೂ ಸೊಗಸು. ಬಾಣ ಹೂಡುತ್ತೇವೆ, ದಾವೆ ಹೂಡುತ್ತೇವೆ, ಸಂಚು ಹೂಡುತ್ತೇವೆ, ಬಂಡಿಗೆ ಎತ್ತು ಹೂಡುತ್ತೇವೆ. ಹಾಗೆಯೇ ಮುಷ್ಕರವನ್ನೂ ಹೂಡುತ್ತೇವೆ. ನೊಗಕ್ಕೆ ಬಾರದ ಹೋರಿಯನ್ನೇ ಹೂಡುವ ಈ ನುಡಿಗಟ್ಟನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ.

ಸರ್ಕಾರಿ ನೌಕರರ ಬಾಯಲ್ಲಿ ಮಾತ್ರ ಈ ಪದ ಅಷ್ಟು ಸಲೀಸಾಗಿ ಬರುವುದಿಲ್ಲ. ಅವರು ‘ಸಾಮೂಹಿಕ ರಜೆ’ ಎನ್ನುತ್ತಾರೆ, ‘ಕಪ್ಪುಪಟ್ಟಿ ಧರಿಸಿ ಕರ್ತವ್ಯ’ ಎನ್ನುತ್ತಾರೆ, ‘ಲೇಖನಿ ಸ್ಥಗಿತ’ ಎನ್ನುತ್ತಾರೆ, ‘ಕರ್ತವ್ಯಕ್ಕೆ ಗೈರು’ ಎನ್ನುತ್ತಾರೆ. ಇದಕ್ಕೆ ಕಾರಣ ನಾಚಿಕೆಯಲ್ಲ, ಕಾನೂನು. ಕರ್ನಾಟಕ ನಾಗರಿಕ ಸೇವೆಗಳ ಮುಷ್ಕರ ತಡೆ ಕಾಯ್ದೆ 1966ರದು. ಅದೇ ವರ್ಷದ ನಡತೆ ನಿಯಮಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದರೂ ಮುಷ್ಕರದ ಬಾಗಿಲು ತೆರೆಯಲಿಲ್ಲ. ಕೆಲಸಕ್ಕೆ ಬಾರದ ದಿನಕ್ಕೆ ಕಚೇರಿಯವರು ಇಟ್ಟ ಹೆಸರು ‘ಡೈಸ್‌ನಾನ್’. ಲ್ಯಾಟಿನ್ನಿನಲ್ಲಿ ‘ದಿನವಲ್ಲದ ದಿನ’. ಬಳ್ಳಾರಿಯ ಯಾವ ಕಚೇರಿಗೆ ಹೋಗಿ ಕೇಳಿದರೂ ಎರಡನೇ ದರ್ಜೆ ಸಹಾಯಕರಿಗೆ ಈ ಪದ ಗೊತ್ತು. ಲ್ಯಾಟಿನ್ ಎಂದು ಗೊತ್ತಿಲ್ಲದಿರಬಹುದು, ಸಂಬಳದಲ್ಲಿ ಹಿಡಿಯುತ್ತಾರೆ ಎನ್ನುವುದು ಚೆನ್ನಾಗಿ ಗೊತ್ತು.

ಕಾನೂನಿನ ಕಥೆಯಲ್ಲಿ ಒಂದು ವಿಚಿತ್ರವಿದೆ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಸಂಘ ಕಟ್ಟಿ ಏನು ಮಾಡಬೇಕು ಎಂದು ಬ್ಯಾಂಕ್ ನೌಕರರು ಕೇಳಿದಾಗ ಸುಪ್ರೀಂ ಕೋರ್ಟು 1961ರಲ್ಲಿ, ಆ ಹಕ್ಕಿನೊಳಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಾಗಲಿ ಮುಷ್ಕರದ ಹಕ್ಕಾಗಲಿ ಸೇರಿಲ್ಲ ಎಂದಿತು. ಮರುವರ್ಷ ಬಿಹಾರದ ಪ್ರಕರಣವೊಂದರಲ್ಲಿ, ಸರ್ಕಾರಿ ನೌಕರರು ಶಾಂತವಾಗಿ ಪ್ರದರ್ಶನ ಮಾಡಬಹುದು, ಮುಷ್ಕರ ಮಾಡುವ ಹಕ್ಕಿಲ್ಲ ಎಂದಿತು. 2003ರ ಜುಲೈಯಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ವಜಾ ಮಾಡಿತು. ಆಗ ಕೋರ್ಟು ಇನ್ನೂ ಮುಂದೆ ಹೋಗಿ, ನೈತಿಕ ಹಕ್ಕೂ ಇಲ್ಲ ಎಂದು ಹೇಳಿತು. ಹೆಚ್ಚಿನವರು ಕ್ಷಮಾಪಣೆ ಬರೆದುಕೊಟ್ಟು ಕೆಲಸಕ್ಕೆ ಮರಳಿದರು. ಕಾನೂನಿನಲ್ಲಿ ಹಕ್ಕಿಲ್ಲ ಎನ್ನುವುದು ನ್ಯಾಯಾಧೀಶರು ಹೇಳಬೇಕಾದ ಮಾತೇ ಇರಬಹುದು. ನೀತಿಯ ಲೆಕ್ಕವನ್ನೂ ಅವರೇ ಬರೆದು ಮುಚ್ಚಿದ್ದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅಲ್ಲಿ ಮುಷ್ಕರ ಎಂಬ ಪದ ಗಡಿ ದಾಟಿ ತೆಲುಗಿನ ಅರ್ಥಕ್ಕೆ ಹೋಗಿ ನಿಂತಿತು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ನಮ್ಮ ರಾಜ್ಯದ ಪೊಲೀಸ್ ಪೇದೆಗಳು ಹೊರಟಾಗ ಮುಂದಾಳುವಿನ ಮೇಲೆ ಬಿದ್ದದ್ದು ರಾಜದ್ರೋಹದ ಪ್ರಕರಣ. ರಜಾ ಚೀಟಿಗೆ ರಾಜದ್ರೋಹ!

ಸಂಘ ಬೇಕು, ಅದರ ಬಾಯಿ ಬೇಡ ಎನ್ನುವ ಈ ಧೋರಣೆಗೆ ಈ ಮಣ್ಣಿನಲ್ಲಿ ಬಹಳ ಹಳೆಯ ಸಾಕ್ಷಿಯಿದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಕಿರುಶಾಸನಗಳಿವೆ. ನಿಟ್ಟೂರಿನ ಬಂಡೆಯಲ್ಲಿ ರಾಜನ ಹೆಸರೇ ‘ಅಸೋಕ’ ಎಂದು ಬಂದಿರುವುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ಈ ಕಿರುಶಾಸನದ ಪಾಠದಲ್ಲಿ ಅಶೋಕ ತಾನು ಸಂಘಕ್ಕೆ ಹತ್ತಿರವಾದ ಮಾತು ಹೇಳುತ್ತಾನೆ. ಅಂದರೆ ‘ಸಂಘ’ ಎಂಬ ಪದಕ್ಕೆ ಈ ನಾಡಿನಲ್ಲಿ ಎರಡು ಸಾವಿರದ ಇನ್ನೂರು ವರ್ಷ ಮೀರಿದ ಆಯುಸ್ಸು. ಅದರ ಜೊತೆಗಿರುವ ಎರಡನೆಯ ಶಾಸನ ನೌಕರಶಾಹಿಯದು: ದೇವಾನಾಂಪ್ರಿಯ ಹೀಗೆ ಹೇಳುತ್ತಾನೆ, ಅದನ್ನು ರಜ್ಜುಕನಿಗೆ ಅಪ್ಪಣೆ ಮಾಡಿ, ರಜ್ಜುಕ ಜನಪದಕ್ಕೆ ಅಪ್ಪಣೆ ಮಾಡಲಿ. ತಂದೆತಾಯಿಗೆ ವಿಧೇಯರಾಗಿರಿ, ಪ್ರಾಣಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ. ಮಾತೆಲ್ಲ ಒಳ್ಳೆಯದೇ, ಆದರೆ ಎಲ್ಲವೂ ಮೇಲಿನಿಂದ ಕೆಳಕ್ಕೆ. ರಜ್ಜುಕ ತಿರುಗಿ ಏನಾದರೂ ಹೇಳಿದನೋ ಇಲ್ಲವೋ, ಅದಕ್ಕೆ ಬಂಡೆಯಲ್ಲಿ ಜಾಗ ಬಿಟ್ಟಿಲ್ಲ.

ರಜ್ಜು ಎಂದರೆ ಹಗ್ಗ. ಹೊಲ ಅಳೆಯುವ ಹಗ್ಗ ಹಿಡಿದ ಅಧಿಕಾರಿಯೇ ರಜ್ಜುಕ ಎಂದು ವಿದ್ವಾಂಸರ ಊಹೆ. ಅವನ ವಂಶದವನನ್ನು ಇಂದು ಹುಡುಕಬೇಕೆಂದರೆ ನಾಡಕಚೇರಿಗೆ ಹೋಗಬೇಕು. ನಿನ್ನೆಮೊನ್ನೆಯವರೆಗೆ ಗ್ರಾಮಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ. ಹೆಸರಿಗೆ ‘ಅಧಿಕಾರಿ’ ಸೇರಿತು, ಹಗ್ಗದ ಜಾಗಕ್ಕೆ ಮೊಬೈಲ್ ಬಂತು. ಬೆಳೆ ಸಮೀಕ್ಷೆಗೊಂದು ಆ್ಯಪ್, ಆಧಾರ್ ಜೋಡಣೆಗೊಂದು, ಬಗರ್ ಹುಕುಂಗೊಂದು, ಪಿಂಚಣಿ ಫಲಾನುಭವಿಗಳ ಪರಿಶೀಲನೆಗೊಂದು. ಆ್ಯಪ್‌ಗಳು ಬೆಳೆಯುತ್ತ ಹೋದವು. ಒಳ್ಳೆಯ ಮೊಬೈಲ್, ಲ್ಯಾಪ್‌ಟಾಪ್, ಕೂರಲು ಕಚೇರಿ ಬೆಳೆಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಅವರ ಬೇಡಿಕೆಯಲ್ಲಿ ಸಂಬಳಕ್ಕಿಂತ ಮೊದಲು ಇದ್ದದ್ದು ಕೆಲಸ ಮಾಡುವ ಸಲಕರಣೆ. ಇದನ್ನು ಕೇಳಲು ಮುಷ್ಕರವೇ ಬೇಕಾಯಿತೆ? ಒಂದು ಆ್ಯಪ್ ಬಿಡುಗಡೆ ಮಾಡುವ ಮುಂಚೆ ಅದನ್ನು ಹಿಡಿದು ಹೊಲಕ್ಕೆ ಹೋಗುವವರನ್ನು ಕರೆಸಿ ಒಂದು ದಿನ ಮಾತಾಡಿದ್ದರೆ ಅರ್ಧ ಜಗಳ ಅಲ್ಲೇ ತೀರುತ್ತಿತ್ತು.

ಮಾತಾಡಲು ಇರುವ ದಾರಿ ಯಾವುದು? ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ತಾಲ್ಲೂಕು ಕಚೇರಿ ಮುಂದೆ ನಿಂತು ನೋಡಿ. ಹತ್ತಾರು ಜನ ಸಾಲಾಗಿ ನಿಲ್ಲುತ್ತಾರೆ. ಮುಂದಿನ ಸಾಲಿನವರು ಒಂದು ಕಾಗದವನ್ನು ನಾಲ್ಕು ಕೈಯಿಂದ ಹಿಡಿಯುತ್ತಾರೆ. ಮೇಲ್ಗಡೆ ‘ಮಾನ್ಯ ಮುಖ್ಯಮಂತ್ರಿಗಳು, ವಿಧಾನಸೌಧ, ಬೆಂಗಳೂರು’. ಕೆಳಗೆ ‘ಮೂಲಕ: ಮಾನ್ಯ ತಹಶೀಲ್ದಾರರು’. ತಹಶೀಲ್ದಾರರು ಬರುತ್ತಾರೆ, ಇಲ್ಲದಿದ್ದರೆ ಶಿರಸ್ತೇದಾರರು. ಕಾಗದ ಕೈ ಬದಲಾಗುವಾಗ ಫೋಟೊ. ‘ಸರ್ಕಾರದ ಗಮನಕ್ಕೆ ತರುತ್ತೇನೆ’ ಎಂಬ ಒಂದು ಸಾಲು. ಮಾರನೆಯ ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಸುದ್ದಿ. ಮನವಿ ಸ್ವೀಕರಿಸಿದ ತಹಶೀಲ್ದಾರರ ಸಂಬಳವೂ ಅದೇ ವೇತನ ಆಯೋಗದ ಕೈಯಲ್ಲಿದೆ ಎಂಬುದು ಈ ಚಿತ್ರದ ತಮಾಷೆ. ಕೊಡುವವರೂ ತೆಗೆದುಕೊಳ್ಳುವವರೂ ಬೇಡುವವರೇ. ಕೊಡಬೇಕಾದವರು ಅಲ್ಲಿ ಇಲ್ಲ.

ಪುಸ್ತಕದ ಕನ್ನಡದಲ್ಲಿ ಇದರ ಪರಿಹಾರಕ್ಕೆ ‘ಸಾಮೂಹಿಕ ಚೌಕಾಸಿ’ ಎನ್ನುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಈ ಪದವನ್ನು ಯಾವ ಸಂಘದವರೂ ಆಡಿದ್ದನ್ನು ನಾನು ಕೇಳಿಲ್ಲ. ಚೌಕಾಸಿ ಎಂದರೆ ನಮ್ಮ ಕಿವಿಗೆ ಬಳ್ಳಾರಿಯ ಬೆಂಗಳೂರು ರೋಡಿನ ಬಟ್ಟೆ ಅಂಗಡಿ, ಸಂತೆಯ ಮೆಣಸಿನಕಾಯಿ ರಾಶಿ. ಹಿಂದಿಯಲ್ಲಿ ಅದೇ ‘ಚೌಕಸೀ’ ಎಂದರೆ ಎಚ್ಚರ, ಕಾವಲು. ಮರಾಠಿಯಲ್ಲಿ ‘ಚೌಕಶೀ’ ಎಂದರೆ ವಿಚಾರಣೆ. ಸಂಘದವರು ಹೇಳುವುದು ‘ಮಾತುಕತೆ’. ನನಗೂ ಅದೇ ಸಾಕು. ಆದರೆ ಮಾತುಕತೆ ಎಂಬುದು ಕರೆದವರ ಔದಾರ್ಯ, ಚೌಕಾಸಿ ಎಂಬುದು ಕೂತವರ ಹಕ್ಕು. ಆ ವ್ಯತ್ಯಾಸ ಎಷ್ಟು ದುಬಾರಿ ಎಂಬುದಕ್ಕೆ ಇತ್ತೀಚಿನ ಎರಡು ಪ್ರಕರಣ ಸಾಕು.

ಏಳನೇ ರಾಜ್ಯ ವೇತನ ಆಯೋಗ 2022ರ ನವೆಂಬರಿನಲ್ಲಿ ಕೆ. ಸುಧಾಕರ್ ರಾವ್ ಅಧ್ಯಕ್ಷತೆಯಲ್ಲಿ ರಚನೆಯಾಯಿತು. ಮಧ್ಯಂತರ ಪರಿಹಾರ ಬೇಕೆಂದು ಸಿ.ಎಸ್. ಷಡಾಕ್ಷರಿ ನೇತೃತ್ವದ ರಾಜ್ಯ ಸರ್ಕಾರಿ ನೌಕರರ ಸಂಘ 2023ರ ಮಾರ್ಚ್ 1ರಂದು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಕೊಟ್ಟಿತು. ತಿಂಗಳುಗಟ್ಟಲೆ ಆಗದ ಕೆಲಸ ಅಂದೇ ಆಯಿತು. ಮೂಲವೇತನದ ಶೇ 17ರಷ್ಟು ಕೊಡುವ ಆದೇಶ ಹೊರಬಿತ್ತು, ಮುಷ್ಕರ ವಾಪಸಾಯಿತು. ಆಯೋಗದ ವರದಿ ಬಂದದ್ದು 2024ರ ಮಾರ್ಚಿನಲ್ಲಿ. ಅದು ಕಡತದಲ್ಲಿ ಮಲಗಿದಾಗ ಜುಲೈ 29ರಿಂದ ಮುಷ್ಕರ ಎಂದು ಸಂಘ ಮತ್ತೆ ಅದೇ ಪದ ಉಚ್ಚರಿಸಿತು. ಜುಲೈ 15ರಂದು ಸಂಪುಟ ಒಪ್ಪಿತು, ಆಗಸ್ಟ್ 1ರಿಂದ ಜಾರಿ. ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. 1966ರ ಕಾಯ್ದೆ ನಿಷೇಧಿಸಿದ ಪದವೇ ಎರಡು ಸಲ ಸರ್ಕಾರವನ್ನು ಮೇಜಿಗೆ ಎಳೆದು ತಂದಿತು. ಮೊದಲ ಸಲ ವಿಧಾನಸಭೆ ಚುನಾವಣೆ ಎದುರಿಗಿತ್ತು ಎನ್ನುವುದನ್ನೂ ಮರೆಯಬಾರದು. ಐದು ವರ್ಷಕ್ಕೊಮ್ಮೆ ಬರುವ ಭಯದ ಮೇಲೆ ಸಂಬಳ ನಿಂತರೆ ಉಳಿದ ನಾಲ್ಕು ವರ್ಷ ಏನು ಮಾಡುವುದು?

ಸಾರಿಗೆ ನೌಕರರ ಕಥೆ ಬೇರೆ. 2021ರ ಏಪ್ರಿಲ್ 7ರಿಂದ 21ರವರೆಗೆ ನಾಲ್ಕೂ ನಿಗಮಗಳ ಬಸ್ಸು ನಿಂತವು. ಬಳ್ಳಾರಿ ವಿಭಾಗವೂ ಸೇರಿದಂತೆ ಕಲ್ಯಾಣ ಕರ್ನಾಟಕದಲ್ಲಿ ನಿಲ್ದಾಣದೊಳಕ್ಕೇ ಕ್ರೂಸರ್‌ಗಳು ಬಂದು ಸೀಟು ಕರೆದವು. ಬೇಡಿಕೆ ಆರನೇ ವೇತನ ಆಯೋಗದ ಸಂಬಳ. ಕೊನೆಗೆ ಹೈಕೋರ್ಟಿನ ಮಾತಿಗೆ ಮುಷ್ಕರ ಕೈಬಿಟ್ಟರು. ಗಳಿಸಿದ್ದು ವಜಾ, ವರ್ಗಾವಣೆ, ಪೊಲೀಸ್ ಕೇಸು. 2020ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆಯನ್ನು ಸರ್ಕಾರ ಶೇ 15ರಂತೆ 2023ರ ಮಾರ್ಚಿನಿಂದ ಕೊಟ್ಟಿತು. ನಡುವಿನ 38 ತಿಂಗಳ ಬಾಕಿ ಎಲ್ಲಿ ಎಂದು ಕೇಳಿ 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಲ್ಲಿಸಿದರು. ಮತ್ತೆ ಹೈಕೋರ್ಟು, ಮತ್ತೆ ಮುಂದೂಡಿಕೆ. ಹತ್ತು ಸಂಘ, ಹತ್ತು ಬಣ, ಯಾರು ಯಾರ ಪರವಾಗಿ ಕೂರಬೇಕು ಎಂಬುದೇ ತೀರ್ಮಾನವಾಗದ ಕಡೆ ಮುಷ್ಕರ ಬರೀ ಹಠವಾಗಿ, ಪದದ ಹಳೆಯ ಅರ್ಥಕ್ಕೇ ಇಳಿಯುತ್ತದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇ 51ರಷ್ಟು ಸದಸ್ಯರಿರುವ ಸಂಘವೇ ಮಾತುಕತೆಯ ಸಂಘ ಎನ್ನುತ್ತದೆ. ಸಂಹಿತೆಯಲ್ಲಿ ನಾನು ಒಪ್ಪದ್ದು ಬಹಳವಿದೆ. ಈ ಒಂದು ವಿಷಯದಲ್ಲಿ, ಕೂರುವವರು ಯಾರೆಂದು ಗೊತ್ತಿರಬೇಕು ಎಂಬ ತತ್ವ ಸರಿ. ಕಚೇರಿಯ ನೌಕರರಿಗೆ ಅಂಥ ತತ್ವವೂ ಇಲ್ಲ.

ಇಷ್ಟೆಲ್ಲ ನಡುವೆ ಪದ ಇನ್ನೊಂದು ಹೊರಳು ಹೊರಳಿದೆ. ವೃಷಣದ ಹೆಸರಿನಿಂದ ಹುಟ್ಟಿದ ಮುಷ್ಕರ ಇಂದು ಹೆಚ್ಚಾಗಿ ಹೆಂಗಸರದು. ಆಶಾ, ಅಂಗನವಾಡಿ, ಬಿಸಿಯೂಟ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಅವರಿಗೆ ಸಂಬಳವಿಲ್ಲ, ‘ಗೌರವಧನ’. ಗೌರವ ಹೆಚ್ಚು, ಧನ ಕಡಿಮೆ. ನೌಕರರಲ್ಲ ಎಂದಮೇಲೆ ನೌಕರರ ಮುಷ್ಕರ ತಡೆ ಕಾಯ್ದೆಯೂ ಅವರಿಗಿಲ್ಲ! 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಅಹೋರಾತ್ರಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಮನೆಮನೆಗೆ ತಿರುಗಿ ಬಾಣಂತಿಯರ ಲೆಕ್ಕ ಇಡುವವರು ‘ಮುಷ್ಕರ ಮಾಡ್ತೀವಿ’ ಎನ್ನುವಾಗ ಪಾಣಿನಿಯ ಸೂತ್ರ ಯಾರಿಗೆ ನೆನಪಿರುತ್ತದೆ?

ಮುಷ್ಕರದಿಂದ ಬಡವರಿಗೆ ತೊಂದರೆ ಎಂಬ ವಾದ ಸುಳ್ಳಲ್ಲ. ತೆಕ್ಕಲಕೋಟೆಯಿಂದ ಬಸ್ಸು ಹಿಡಿದು ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಬಂದ ರೋಗಿಗೆ ಹೊರರೋಗಿ ವಿಭಾಗದ ಬಾಗಿಲು ಹಾಕಿದ್ದರೆ ಅವನಿಗೆ ವೇತನ ಆಯೋಗದ ನ್ಯಾಯ ಹೇಳಿ ಪ್ರಯೋಜನವಿಲ್ಲ. ಅದಕ್ಕೇ ನಾನು ಹೇಳುವುದು: ಮುಷ್ಕರ ಬೇಡವೆಂದರೆ ಮೇಜು ಹಾಕಿ. 1960ರ ಜುಲೈಯಲ್ಲಿ ಕೇಂದ್ರ ನೌಕರರ ಐದು ದಿನದ ಮುಷ್ಕರವನ್ನು ಸುಗ್ರೀವಾಜ್ಞೆಯಿಂದ ತುಳಿದ ಸರ್ಕಾರವೇ 1966ರಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆ ತಂದಿತು. ಒಪ್ಪಂದವಾಗದಿದ್ದರೆ ಸಂಬಳ, ಕೆಲಸದ ಅವಧಿ, ರಜೆಯ ವಿಷಯ ಕಡ್ಡಾಯ ಪಂಚಾಯ್ತಿಗೆ. ನಮ್ಮ ರಾಜ್ಯಕ್ಕೆ 1966 ಮುಖ್ಯವಾಗಿ ತಂದದ್ದು ತಡೆ ಕಾಯ್ದೆಯನ್ನು. ಸಂಘ ಮತ್ತು ಚೌಕಾಸಿಯ ಹಕ್ಕಿನ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳನ್ನು, ಸಾರ್ವಜನಿಕ ಸೇವೆಗೇ ಮೀಸಲಾದ 151ನೆಯದನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಕೊಟ್ಟ ಹಕ್ಕೂ ಶಾಶ್ವತವಲ್ಲ: ಅಮೆರಿಕದಲ್ಲಿ ಸರ್ಕಾರಿ ನೌಕರರಿಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕನ್ನು 1959ರಲ್ಲಿ ಮೊದಲು ಕೊಟ್ಟ ವಿಸ್ಕಾನ್ಸಿನ್ ರಾಜ್ಯವೇ 2011ರಲ್ಲಿ ಹೆಚ್ಚಿನವರಿಂದ ಅದನ್ನು ಕಿತ್ತುಕೊಂಡಿತು.

ನಮ್ಮ ಸರ್ಕಾರಿ ಆದೇಶವೊಂದನ್ನು ತೆಗೆದು ನೋಡಿ. ತಲೆಬರಹ ‘ಕರ್ನಾಟಕ ಸರ್ಕಾರದ ನಡವಳಿಗಳು’. ಆಮೇಲೆ ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಆದೇಶ. ನಡವಳಿ ಎಂದರೆ ಸಭೆಯಲ್ಲಿ ನಡೆದದ್ದರ ದಾಖಲೆ ಎಂದು ಊರ ಸೊಸೈಟಿಯ ಕಾರ್ಯದರ್ಶಿಗೂ ಗೊತ್ತು. ಅಲ್ಲಿ ಹಾಜರಿದ್ದವರೆಲ್ಲರ ರುಜು ಇರುತ್ತದೆ. ಸರ್ಕಾರದ ನಡವಳಿಯಲ್ಲಿ ‘ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಕೆಳಗೆ ಅಧೀನ ಕಾರ್ಯದರ್ಶಿಯದೋ ಉಪ ಕಾರ್ಯದರ್ಶಿಯದೋ ಒಂದೇ ರುಜು. ಶೇ 17ರ ಆದೇಶಕ್ಕೂ ಬಿದ್ದದ್ದು ಅಂಥ ಒಂದೇ ರುಜು. ಸಂಘವೂ ಜೊತೆಗೆ ಕೂತು ರುಜು ಹಾಕಿದ ಒಪ್ಪಂದವಾಗಿದ್ದರೆ ಆಯೋಗದ ವರದಿಗೆ ಎಷ್ಟು ತಿಂಗಳು, ಜಾರಿಗೆ ಯಾವ ದಿನಾಂಕ, ತಡವಾದರೆ ಯಾರ ಮುಂದೆ ದೂರು ಎಂಬುದು ಅದರಲ್ಲೇ ಬರೆದಿರುತ್ತಿತ್ತು, 2024ರ ಜುಲೈಯಲ್ಲಿ ಮತ್ತೊಂದು ಮುಷ್ಕರದ ನೋಟಿಸು ಅಚ್ಚು ಹಾಕಿಸುವ ಖರ್ಚೂ ಉಳಿಯುತ್ತಿತ್ತು.